ನಾಲ್ಕು ಬಾಟಲಿ, ಒಂದು ಹಿಡಿಕೆ

ನೈರೋಬಿಗೆ ಬಂದ ಹೊಸತರಲ್ಲಿ ನನಗೆ ಹೆಸರೇ ಇರಲಿಲ್ಲ. ಕನ್ನಡದವರ ಯಾವ ಕೂಟಕ್ಕೆ ಹೋದರೂ "ಇವರು ಬ್ಯಾಂಕಿನವರ ಮಿಸೆಸ್" ಎಂದು ಪರಿಚಯ ಮಾಡಿಕೊಡುತ್ತಿದ್ದರು. ನನ್ನ ಗಂಡನನ್ನು ಅವರ ಬ್ಯಾಂಕು ಬೆಂಗಳೂರಿನಿಂದ ಇಲ್ಲಿಗೆ ಕಳಿಸಿತ್ತು, ಸಾಮಾನಿನ ಜೊತೆ ನಾನೂ ಬಂದಿದ್ದೆ. ಬೆಂಗಳೂರಿನಲ್ಲಿ ನಾನು ಕಾರ್ಟನ್ ವಿನ್ಯಾಸ ಮಾಡುತ್ತಿದ್ದವಳು. ಎಂದರೆ ಡಬ್ಬದ ಮೇಲೆ ಚಿತ್ರ ಬರೆಯುವವಳಲ್ಲ. ಒಂದೇ ಒಂದು ದಪ್ಪ ಹಾಳೆಯನ್ನು ಎಲ್ಲಿ ಕತ್ತರಿಸಿ, ಎಲ್ಲಿ ಮಡಿಸಿದರೆ ಅದು ಎದ್ದು ನಿಂತು ಭಾರ ಹೊರುತ್ತದೆ ಎಂದು ತಲೆ ಕೆಡಿಸಿಕೊಳ್ಳುವವಳು. ಇದನ್ನು ಬಿಡಿಸಿ ಹೇಳಿದರೆ ಒಬ್ಬ ಡಾಕ್ಟರ ಹೆಂಡತಿ, "ಓ, ಕ್ರಾಫ್ಟ್ ವರ್ಕಾ? ರಜದಲ್ಲಿ ನಮ್ಮ ಮಕ್ಕಳಿಗೂ ಸ್ವಲ್ಪ ಹೇಳಿಕೊಡ್ರಿ" ಅಂದರು. ಅವತ್ತು ನಾನು ಅವರ ಮನೆಯ ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ನನ್ನ ಸಿಟ್ಟು ಅಷ್ಟರಮಟ್ಟಿನದು.

ಬಹಳ ಓಡಾಡಿದ ಮೇಲೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಟನ್ ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಲೆ ಕೆಲಸ ಸಿಕ್ಕಿತು. ಮಾಲೀಕರು ಇಲ್ಲೇ ಹುಟ್ಟಿ ಬೆಳೆದ ಗುಜರಾತಿ. ಮಾತು ಕಡಿಮೆ, ಹಾರ್ನ್ ಜಾಸ್ತಿ. "ನಿಮ್ಮ ಮೊದಲ ಕಾರ್ಟನ್ ಗಿರಾಕಿಗೆ ಒಪ್ಪಿಗೆಯಾದರೆ ಕೆಲಸ ಖಾಯಂ. ಇಲ್ಲದಿದ್ದರೆ ಅಸಾಂಟೆ ಸಾನಾ" ಅಂದರು. ಆ ಧನ್ಯವಾದ ನನಗೆ ಬೇಕಿರಲಿಲ್ಲ. ಕೆಲಸ ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ, ಬೆಳಿಗ್ಗೆ ಲಾರಿಗಳ ನಡುವೆ ಜಾಮಿನಲ್ಲಿ ಸಿಕ್ಕಿಹಾಕಿಕೊಂಡು ಹೊಗೆ ಕುಡಿಯುವಾಗಲೂ ಖುಷಿಯಾಗುತ್ತಿತ್ತು.

ಆ ಮೊದಲ ಕಾರ್ಟನ್ ಯಾರದ್ದಾಗಬೇಕು? ಒಬ್ಬ ಆಂಟಿಯದ್ದು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಇಲ್ಲಿನ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಲೊರೆಶೋ ಬಡಾವಣೆಯ ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದರು. ಮೊಂಬಾಸಾ ಕಡೆಯ ಮಾವು, ನಿಂಬೆ, ಬೆಳ್ಳುಳ್ಳಿ, ಹಸಿಮೆಣಸು ಹೀಗೆ ನಾಲ್ಕು ಬಗೆ. ಮುಥೈಗಾದ ದೊಡ್ಡ ಅಂಗಡಿಯೊಂದು ಅದನ್ನು ರುಚಿ ನೋಡಿ, ನಾಲ್ಕೂ ಬಾಟಲಿ ಒಟ್ಟಿಗೆ ಒಂದೇ ಕೈಯಲ್ಲಿ ಹಿಡಿದು ಹೋಗುವ ಹಾಗೆ ಕಟ್ಟಿಕೊಟ್ಟರೆ ತಗೊಳ್ಳುತ್ತೇವೆ ಎಂದಿತ್ತು. ಈ ದೇಶದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ಗಾಜಿನ ಬಾಟಲಿ ಕೊಂಡವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು, ಇಲ್ಲವೇ ಸಾಮಾನಿಗೇ ಹಿಡಿಕೆ ಇರಬೇಕು.

ಅಳತೆಗೆಂದು ಆಂಟಿ ಹೊಸ ಬಾಟಲಿಗಳನ್ನು ಕಳಿಸಿದರು. ಖಾಲಿ ಪಾತ್ರೆ ಕೊಡಬಾರದೆಂದು ಒಂದೊಂದರಲ್ಲೂ ಸಕ್ಕರೆ ತುಂಬಿದ್ದರು. ಕಾರ್ಖಾನೆಯಲ್ಲಿ ಎಲ್ಲರ ಚಹಾಕ್ಕೂ ಆ ಸಕ್ಕರೆಯೇ ಆಯಿತು. ನಾನು ಬಾಟಲಿಗೆ ನೀರು ತುಂಬಿ, ಮರಳು ತುಂಬಿ, ಬಗೆಬಗೆಯಾಗಿ ತೂಗಿ ನೋಡಿದೆ. ಸುತ್ತಲೂ ಗೋಡೆ ಇರುವ ಡಬ್ಬ ಮಾಡಿದರೆ ಕಾರ್ಡ್‌ಬೋರ್ಡ್ ಬಹಳ ಬೇಕು, ಬಾಟಲಿಯೊಳಗಿನ ಬಣ್ಣವೂ ಕಾಣುವುದಿಲ್ಲ. ಹಾಗಾಗಿ ಮೇಲಿನಿಂದ ಹಿಡಿಯುವ ಕಾರ್ಟನ್ ಮಾಡಿದೆ. ಚಪ್ಪಟೆ ಹಾಳೆಯಲ್ಲಿ ನಾಲ್ಕು ತೂತು, ಪ್ರತಿ ತೂತಿನ ಸುತ್ತ ಸಣ್ಣ ಸಣ್ಣ ಹಲ್ಲು. ಮುಚ್ಚಳವನ್ನು ಕೆಳಗಿನಿಂದ ಒತ್ತಿದರೆ ಹಲ್ಲು ಮೇಲಕ್ಕೆ ಬಗ್ಗಿ, ಮುಚ್ಚಳ ದಾಟಿದ ಕೂಡಲೇ ಅದರ ಅಂಚಿನ ಕೆಳಗೆ ಟಕ್ಕೆಂದು ಕಚ್ಚಿಕೊಳ್ಳಬೇಕು. ಗಾಜಿಗೆ ಗಾಜು ತಾಗದಂತೆ ನಡುವೆ ಇಳಿಬಿದ್ದ ಒಂದು ಮಡಿಕೆ, ಮೇಲೆ ಬೆರಳು ತೂರುವ ಹಿಡಿಕೆ. ಅಂಟು ಇಲ್ಲ, ಪಿನ್ನು ಇಲ್ಲ. ತೋರಿಸಿದಾಗ ಆಂಟಿ ಅದನ್ನು ಎತ್ತಿ ಕೆಳಗೆ ಇಣುಕಿ, "ಇದೆಂತದು ಮಾರಾಯ್ತಿ, ತಳವೇ ಇಲ್ಲ!" ಅಂದರು. ನಾನು ನಾಲ್ಕು ಬಾಟಲಿ ಸಿಕ್ಕಿಸಿ ಮೆಟ್ಟಿಲು ಹತ್ತಿ ಇಳಿದೆ, ಬೇಕೆಂದೇ ಕೈ ಬೀಸಿ ನಡೆದೆ. ಒಂದೂ ಅಲುಗಲಿಲ್ಲ. ಮಾಲೀಕರು ಹಾಳೆ ಕತ್ತರಿಸುವ ಅಚ್ಚು, ಅಂದರೆ ಡೈ, ಮಾಡಿಸಲು ಹೇಳಿದರು. ಆ ಸಂಜೆ ಮನೆಯಲ್ಲಿ ನಾನು ಸಿಕ್ಕಾಪಟ್ಟೆ ಮಾತಾಡಿದೆ ಎಂದು ಗಂಡ ಈಗಲೂ ಹೇಳುತ್ತಾರೆ.

ಅಂಗಡಿಗೆ ತೋರಿಸುವ ದಿನ ನಾನೂ ಮಾಲೀಕರೂ ಮಡಿಸದ ಕಾರ್ಟನ್ ಹಾಳೆಗಳನ್ನು ತಗೊಂಡು ಮುಥೈಗಾಕ್ಕೆ ಹೋದೆವು. ಆಂಟಿ ಭರ್ತಿ ಉಪ್ಪಿನಕಾಯಿಯ ಬಾಟಲಿಗಳನ್ನು ತಮ್ಮ ಕಾರಿನಲ್ಲೇ ತಂದರು. ಖರೀದಿಯ ಮೇಡಂ ಗಟ್ಟಿ ದನಿಯ, ನಗುಮುಖದ ಹೆಂಗಸು. ಅವರೆದುರು ಹಾಳೆಯನ್ನು ಸರಸರ ಮಡಿಸಿ ಬಾಟಲಿ ಒತ್ತಿದೆ. ಟಕ್ ಅನ್ನಲಿಲ್ಲ. ಇನ್ನೊಂದು ಒತ್ತಿದೆ. ಅದೂ ಅನ್ನಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮೇಡಂ "ಸವಾ, ಸವಾ", ಎಂದರೆ ಸರಿ ಸರಿ, ಎನ್ನುತ್ತಾ ಅದನ್ನು ಎತ್ತಿ ಬೀಸಿಯೇಬಿಟ್ಟರು. ನಿಂಬೆಕಾಯಿಯ ಬಾಟಲಿ ಜಾರಿ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಆಂಟಿಯ ಮಡಿಲಿಗೆ ಬಿತ್ತು. ಸೀರೆ ಉಟ್ಟಿದ್ದು ಒಳ್ಳೆಯದಾಯಿತು.

ಮೇಡಂ ಬಾಟಲಿಯನ್ನು ತಿರುಗಿಸಿ ನೋಡಿ ಮುಚ್ಚಳ ತೆಗೆದರು. ಮುಚ್ಚಳದ ಕೆಳಗೆ, ಬಾಯಿಯ ಮೇಲೆ, ಎಣ್ಣೆ ಮೆತ್ತಿದ ಪ್ಲಾಸ್ಟಿಕ್ಕಿನ ಚೂರು. ಅದರ ಮೇಲೆ ಊರಿನ ಯಾವುದೋ ಜವಳಿ ಅಂಗಡಿಯ ಅರ್ಧ ಹೆಸರು, ಕನ್ನಡದಲ್ಲಿ.

ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪಿನಕಾಯಿ ಪ್ರಯಾಣ ಹೊರಟರೆ ಮುಚ್ಚಳದ ಕೆಳಗೊಂದು ಪ್ಲಾಸ್ಟಿಕ್ ಕವರ್ ಹಾಕಿ ತಿರುಗಿಸುವುದು, ಮೇಲೊಂದು ರಬ್ಬರ್ ಬ್ಯಾಂಡ್ ಬಿಗಿಯುವುದು ನಮಗೆ ಕೈಗೆ ಬಂದ ಅಭ್ಯಾಸ. ಸಕ್ಕರೆ ಸೋರುವುದಿಲ್ಲವಲ್ಲ, ಅದಕ್ಕೆ ಅಳತೆಯ ಬಾಟಲಿಗಳಿಗೆ ಆಂಟಿ ಅದನ್ನು ಹಾಕಿರಲಿಲ್ಲ. ಈಗ ಹಾಕಿದ್ದರು. ಮುಚ್ಚಳದ ಅಂಚಿನಿಂದ ಹೊರಬಂದ ಪ್ಲಾಸ್ಟಿಕ್ಕಿನ ನೆರಿಗೆ, ಮೇಲಿನ ರಬ್ಬರ್ ಬ್ಯಾಂಡು, ಎರಡೂ ಸೇರಿ ನನ್ನ ಕಾರ್ಟನ್ನಿನ ಹಲ್ಲುಗಳು ಕಚ್ಚಬೇಕಾದ ಜಾಗದಲ್ಲೇ ಕೂತಿದ್ದವು, ಅವಸರದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕನ್ನಡ ಅಕ್ಷರ ಕಂಡದ್ದಕ್ಕೆ ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ಪಾಲಿಥೀನ್. ನಾನು ಇದನ್ನು ಶೆಲ್ಫಿಗೆ ಇಡಲಾರೆ" ಎಂದರು ಮೇಡಂ, ನಗು ಬಿಟ್ಟು. "ಮುಂದಿನ ವಾರ ಬನ್ನಿ. ಪ್ಲಾಸ್ಟಿಕ್ ಇಲ್ಲದೆ, ಬಾಟಲಿ ಬೀಳದೆ. ಅದೇ ಕೊನೆ."

ವಾಪಸು ಬರುವಾಗ ಮಾಲೀಕರು ಒಬ್ಬ ಮಟಾಟು ವ್ಯಾನಿನ ಡ್ರೈವರಿಗೆ ಹಾರ್ನ್ ಹೊಡೆದು ಮುಗಿಸಿ ನನ್ನ ಕಡೆ ತಿರುಗಿದರು. "ಡೈ ಮಾಡಿಸಿ ಆಗಿದೆ. ಒಂದೋ ಬಾಕ್ಸ್ ಬದಲಾಯಿಸಿ, ಇಲ್ಲವೇ ಆಂಟಿಯನ್ನು ಬದಲಾಯಿಸಿ. ಎರಡನೆಯದು ಸುಲಭ."

ಸುಲಭವಂತೆ! ಪಾಪ, ಅವರಿಗೆ ನಮ್ಮ ಆಂಟಿಯರ ಪರಿಚಯವಿರಲಿಲ್ಲ.

ಶನಿವಾರ ಲೊರೆಶೋಗೆ ಹೋದೆ. ಆಂಟಿ ಅಡುಗೆಮನೆಯ ಡ್ರಾಯರ್ ಎಳೆದು ತೋರಿಸಿದರು. ಪ್ಲಾಸ್ಟಿಕ್ ಕವರುಗಳು, ತೊಳೆದು ಒಣಗಿಸಿ ಮಡಿಸಿಟ್ಟದ್ದು, ಊರಿಗೆ ಹೋದಾಗೆಲ್ಲ ಬಟ್ಟೆಯ ನಡುವೆ ಬಂದದ್ದು.

"ಆಂಟಿ, ಈ ಮುಚ್ಚಳದ ಒಳಗೇ ರಬ್ಬರಿನ ಪದರ ಇದೆ. ಇದು ಸೋರಲ್ಲ. ಪ್ಲಾಸ್ಟಿಕ್ ಬೇಡ" ಅಂದೆ.

"ಸೋರುದಿಲ್ಲ ಅಂತ ಯಾರು ಹೇಳಿದ್ದು? ಮಾರಿದವನಾ?"

"ನಾನೇ ನೋಡಿದೀನಿ ಆಂಟಿ. ನೀರು ತುಂಬಿ ಬೋರಲು ಹಾಕಿ ಇಟ್ಟಿದ್ದೆ."

"ನೀರು ಬೇರೆ, ಎಣ್ಣೆ ಬೇರೆ. ಎಣ್ಣೆಗೆ ದಾರಿ ಹುಡುಕ್ಲಿಕ್ಕೆ ಯಾರೂ ಕಲಿಸ್ಬೇಕಂತ ಇಲ್ಲ." ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ನಿನಗೆ ಅಷ್ಟು ನಂಬಿಕೆ ಉಂಟಾ? ಹಾಗಾದ್ರೆ ನಿನ್ನ ಒಳ್ಳೆ ರೇಷ್ಮೆ ಸೀರೆ ಮೇಲೆ ಇಟ್ಟು ತೋರ್ಸು."

"ನಾಳೇನೇ ತರ್ತೀನಿ" ಎಂದುಬಿಟ್ಟೆ. ಹೇಳಿದೆನಲ್ಲ, ನನ್ನ ಸಿಟ್ಟು.

ಮನೆಗೆ ಬಂದು ಬೀರು ತೆರೆದಾಗ ಸಿಟ್ಟು ಇಳಿದಿತ್ತು. ನನ್ನ ಹತ್ತಿರ ಇದ್ದ ಒಳ್ಳೆ ಸೀರೆ ಎಂದರೆ ಹೊರಡುವಾಗ ಅಮ್ಮ ಕೊಟ್ಟ ಕೆನೆಬಣ್ಣದ ಮೈಸೂರು ಸಿಲ್ಕು. ಅದನ್ನು ಇನ್ನೂ ಉಟ್ಟಿರಲಿಲ್ಲ. ಗಂಡ, "ಯಾವ್ದಾದ್ರೂ ಹಳೇ ಸೀರೆ ತಗೊಂಡು ಹೋಗು, ಅವ್ರಿಗೇನು ಗೊತ್ತಾಗುತ್ತೆ" ಅಂದರು. ಮಕ್ಕಳು ಕಾಪಿ ಹೊಡೆಯುವುದನ್ನು ಜೀವಮಾನವಿಡೀ ಹಿಡಿದ ಟೀಚರಿಗೆ ಗೊತ್ತಾಗದೆ ಇರುತ್ತದೆಯೇ! ಮಾರನೇ ದಿನ ಆಂಟಿ ಚರ್ಚಿನಿಂದ ಬಂದವರೇ ಮೊದಲು ಮಾಡಿದ್ದು ಸೆರಗನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದ್ದು. "ಹ್ಞಾಂ, ನಿಜದ್ದೇ" ಅಂದರು. ಬಾಟಲಿ ತುಂಬುವಾಗ ನಾನು ಪಕ್ಕದಲ್ಲೇ ಪೊಲೀಸಿನವರ ಹಾಗೆ ನಿಂತಿದ್ದೆ. ಪ್ಲಾಸ್ಟಿಕ್ ಹಾಕದೆ ಮುಚ್ಚಳ ತಿರುಗಿಸುವಾಗ ಅವರ ಕೈ ಎರಡು ಸಲ ತಾನಾಗಿ ಡ್ರಾಯರಿನ ಕಡೆ ಹೋಗಿ ಬಂತು. ಬಾಟಲಿಗಳನ್ನು ಕಾರ್ಟನ್ನಿಗೆ ಒತ್ತಿದೆ. ಟಕ್, ಟಕ್, ಟಕ್, ಟಕ್. ಅದಕ್ಕಿಂತ ಇಂಪಾದ ಸದ್ದನ್ನು ನಾನು ಆ ತಿಂಗಳು ಕೇಳಿರಲಿಲ್ಲ.

ಪರೀಕ್ಷೆ ಹೇಗೆಂದರೆ, ಲೊರೆಶೋದಿಂದ ಇಂಡಸ್ಟ್ರಿಯಲ್ ಏರಿಯಾದವರೆಗೆ ಕಾರಿನಲ್ಲಿ ಹೋಗುವುದು. ಆಂಟಿಯ ಮಡಿಲಲ್ಲಿ ನನ್ನ ಸೀರೆ, ಸೀರೆಯ ಮೇಲೆ ಅಡ್ಡ ಮಲಗಿಸಿದ ಕಾರ್ಟನ್. ಭಾನುವಾರವಾದ್ದರಿಂದ ಜಾಮ್ ಇರುವುದಿಲ್ಲ ಅಂದುಕೊಂಡಿದ್ದೆ. ಇತ್ತು. ಗುಂಡಿಗಳಿದ್ದವು, ಹಂಪುಗಳಿದ್ದವು, ಎಲ್ಲೆಂದರಲ್ಲಿ ನುಗ್ಗುವ ಮಟಾಟುಗಳಿದ್ದವು. ಹಂಪು ಬಂದಾಗಲೆಲ್ಲ ನಾನು ಬ್ರೇಕ್ ಒತ್ತಿ ಸೀರೆಯ ಕಡೆ ನೋಡುತ್ತಿದ್ದೆ. ಒಂದು ಹನಿ ಬಿದ್ದರೆ ಸೀರೆ ಹೋಯಿತು, ಆಂಟಿ ಹೋದರು, ಕೆಲಸ ಹೋಯಿತು, ನಾನು ಮತ್ತೆ ಬ್ಯಾಂಕಿನವರ ಮಿಸೆಸ್.

ಜಾಮಿನಲ್ಲಿ ನಿಂತಿದ್ದಾಗ ಆಂಟಿ ಕಾರ್ಟನ್ನಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. ಮದುವೆಯಾಗಿ ಈ ಊರಿಗೆ ಬಂದಾಗ ಅವರ ಅಮ್ಮ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಇಟ್ಟಿದ್ದರಂತೆ. ಅದು ಸೋರಿ, ಶಾಲೆಯ ಮೊದಲ ದಿನಕ್ಕೆಂದು ಎತ್ತಿಟ್ಟ ಸೀರೆಗೇ ಇಳಿದಿತ್ತು. ತೊಳೆದರೂ ವಾಸನೆ ಹೋಗಲಿಲ್ಲ, ಉಡಲು ಬೇರೆ ಒಳ್ಳೆಯದಿರಲಿಲ್ಲ. ಮಧ್ಯಾಹ್ನದೊಳಗೆ ಇಡೀ ತರಗತಿ ಅವರನ್ನು 'ಮಿಸ್ ಅಚಾರಿ', ಎಂದರೆ ಉಪ್ಪಿನಕಾಯಿ ಮಿಸ್, ಎಂದು ಕರೆಯಲು ಶುರುಮಾಡಿತ್ತು.

"ರಿಟೈರ್ ಆಗುವ ದಿನವೂ ಅದೇ ಹೆಸ್ರು. ಈಗ ಆ ಮಕ್ಕಳೇ ಅಜ್ಜ ಅಜ್ಜಿ ಆಗಿದ್ದಾರೆ. ನನ್ನ ನಿಜ ಹೆಸ್ರು ಅವ್ರಿಗೆ ಗೊತ್ತುಂಟಾ ಕೇಳು."

ನನಗೆ ಮೊದಲು ನಗು ಬಂತು, ನಕ್ಕೂಬಿಟ್ಟೆ. ಅವರೂ ನಕ್ಕರು. ನನಗೆ ಹೆಸರಿಲ್ಲ ಅನ್ನುವ ಕೊರಗು. ಅವರು ಬೇಡದ ಹೆಸರೊಂದನ್ನು ಅಷ್ಟು ವರ್ಷ ಹೊತ್ತುಕೊಂಡೇ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಿದ್ದರು. ಡ್ರಾಯರು ತುಂಬ ಕವರು ಯಾಕೆ ಎಂದು ಆಗ ಅರ್ಥವಾಯಿತು. ನನ್ನ ಸಿಟ್ಟೆಲ್ಲ ಇಳಿದು ಅವರ ಮೇಲೆ ಪ್ರೀತಿ ಬಂತು. ಆದರೂ ಸೀರೆಯ ಮೇಲಿನ ಕಣ್ಣು ತೆಗೆಯಲಿಲ್ಲ.

ಕಾರ್ಖಾನೆಯ ಗೇಟಿನೆದುರು ಇಳಿದು ಆಂಟಿ ಬಿಸಿಲಿಗೆ ಸೀರೆ ಬಿಡಿಸಿದರು. ಮಡಿಕೆ ಮಡಿಕೆ ನೋಡಿದರು, ಮೂಸಿದರು, ಮತ್ತೆ ನೋಡಿದರು. ಕಾವಲಿನವರೂ ಬಂದು ನೋಡಿದರು, ಏನು ನೋಡಬೇಕೆಂದು ಅವರಿಗೆ ಗೊತ್ತಿರಲಿಲ್ಲ.

"ಇಲ್ಲ" ಅಂದರು ಆಂಟಿ ಕೊನೆಗೆ, ಸೋತ ದನಿಯಲ್ಲಿ. "ಒಂದು ಹನಿಯೂ ಇಲ್ಲ." ಬ್ಯಾಗಿನಿಂದ, ಬೇಕಾದೀತೆಂದು ತಂದಿದ್ದ ಕವರಿನ ಚೂರುಗಳನ್ನು ತೆಗೆದು ನನ್ನ ಕೈಗೆ ಹಾಕಿದರು. ಆಮೇಲೆ ಅದರಲ್ಲಿ ಒಂದನ್ನು ವಾಪಸು ತಗೊಂಡರು. "ಇದು ನಮ್ಮೂರ ಅಂಗಡಿಯದ್ದು. ಇರ್ಲಿ."

ಆ ವಾರ ಮುಥೈಗಾದಲ್ಲಿ ಮೇಡಂ ಕಾರ್ಟನ್ ಹಿಡಿದು ಬೀಸಿದರು, ಬಿಸ್ಕತ್ತಿನ ಸಾಲು ದಾಟಿ ಸೋಪಿನ ಸಾಲಿನವರೆಗೆ ನಡೆದು ಬಂದರು. ಆಂಟಿ ಎಚ್ಚರಿಕೆಗೆ ಮಡಿಲೊಡ್ಡಿಯೇ ಕೂತಿದ್ದರು. ಏನೂ ಬೀಳಲಿಲ್ಲ. ಮುಚ್ಚಳ ತೆಗೆದು ನೋಡಿ, ಬೆರಳಲ್ಲಿ ಒಂದಿಷ್ಟು ಬೆಳ್ಳುಳ್ಳಿ ನೆಕ್ಕಿ, ಮೇಡಂ ಒಪ್ಪಿಕೊಂಡರು. ಮಾಲೀಕರು ದಾರಿಯಲ್ಲಿ ಎರಡು ಹಾರ್ನ್‌ಗಳ ನಡುವೆ "ಖಾಯಂ" ಎಂದರು. ಅಷ್ಟೇ. ನಾನು ಕಿಟಕಿಯ ಕಡೆ ತಿರುಗಿ ಹಲ್ಲು ಕಿರಿದೆ.

ಆ ವರ್ಷದ ಯುಗಾದಿ ಊಟಕ್ಕೆ ಆ ಸೀರೆಯನ್ನೇ ಉಟ್ಟೆ. ಊಟ ಮುಗಿಸಿ ಏಳುವಷ್ಟರಲ್ಲಿ ಆಂಟಿ ಎಲ್ಲಿಂದಲೋ ಬಂದು ನನ್ನ ಸೆರಗು ಹಿಡಿದರು. ಎಲ್ಲರೆದುರು ಅದನ್ನು ಹೀಗೂ ಹಾಗೂ ತಿರುಗಿಸುತ್ತಾ ಹೋಗಿ, ಒಂದು ಕಡೆ ನಿಂತರು. ಅಲ್ಲೊಂದು ಹಳದಿ ಕಲೆ.

"ಇದೆಂತ?"

"ಸಾರು ಆಂಟಿ! ಈಗ್ತಾನೇ ಬಡಿಸೋವಾಗ ಬಿತ್ತು."

ಅವರು ಸೆರಗನ್ನು ಮೂಗಿನ ಹತ್ತಿರ ಹಿಡಿದರು. ಪಂಕ್ತಿಯವರೆಲ್ಲ ಕತ್ತು ಚಾಚಿ ನೋಡಿದರು. "ಹೌದು, ಸಾರೇ. ಇಂಗು ಉಂಟು" ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಬ್ಬರು ನನ್ನ ಕಡೆ ನೋಡಿ, "ಇವ್ರು ಬ್ಯಾಂಕಿನವ್ರ ಮಿಸೆಸ್ ಅಲ್ವಾ?" ಎಂದು ಆಂಟಿಯನ್ನು ಕೇಳಿದರು.

"ಅಲ್ಲ" ಎಂದರು ಆಂಟಿ, ಇಡೀ ಕ್ಲಾಸಿಗೆ ಕೇಳುವ ದನಿಯಲ್ಲಿ. ಆಮೇಲೆ ನನ್ನ ಹೆಸರು ಹೇಳಿದರು, ತಂದೆಯ ಹೆಸರೂ ಸೇರಿಸಿ, ಹಾಜರಿ ಕರೆಯುವ ಹಾಗೆ. "ಇವಳು ನನ್ನ ಬಾಕ್ಸಿನ ಎಂಜಿನಿಯರ್. ಬ್ಯಾಂಕಿನವ ಇವಳ ಗಂಡ."

ನನ್ನ ಗಂಡ ಪಾಯಸದ ಲೋಟ ಹಿಡಿದುಕೊಂಡೇ ನಮಸ್ಕಾರ ಮಾಡಿದರು. ನನಗೆ ಕಣ್ಣು ತುಂಬಿಬಂತು. ಒರೆಸಿಕೊಳ್ಳೋಣವೆಂದರೆ ಸೆರಗು ಇನ್ನೂ ಆಂಟಿಯ ಕೈಯಲ್ಲೇ ಇತ್ತು.