ಗಿರಿಜಮ್ಮ ಎಣಿಸಿದ ಲೋಗೋ

2004ರಲ್ಲಿ ನಾನು ಕೊಪ್ಪದ ಒಂದು ಸ್ಥಳೀಯ ಕೇಬಲ್ ಚಾನೆಲ್‌ಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಅಲ್ಲೇ ಬಾಳಗಡಿಯ ಒಂದು ಅಂಗಡಿಯ ಮಹಡಿಯಲ್ಲಿ ಕಚೇರಿ. ಸುದ್ದಿಗೆ ಅಕ್ಷರ ಜೋಡಿಸುವುದು ಕೆಲಸ. ಬಂದ ದೂರುಗಳನ್ನು ದಿನಚರಿಯಲ್ಲಿ ಎಣಿಸಿಡುವುದು ನನ್ನದೇ ಚಟ.

ಪರದೆಯ ಮೂಲೆಯ ಮೊದಲ ಲೋಗೋ ಮಾಲೀಕ ಸತೀಶಣ್ಣ ಬರೆದದ್ದು: ಒಂದು ಬಿಳಿ ಗೆರೆ, ತುದಿಗೆ ಕೆಂಪು ಬೊಟ್ಟು. ಅವರು ದೀಪವೆನ್ನುತ್ತಿದ್ದರು, ಊರು ಬೆಂಕಿಕಡ್ಡಿ ಎನ್ನುತ್ತಿತ್ತು. ಮರುವರ್ಷ ಚಾನೆಲ್ ಶೃಂಗೇರಿಗೂ ಹೋದಾಗ ತುಂಗೆಯ ಲೆಕ್ಕದಲ್ಲಿ ಕಡ್ಡಿಯ ಕೆಳಗೊಂದು ಅಲೆ ಸೇರಿತು.

2006ರಲ್ಲಿ ನರಸಿಂಹರಾಜಪುರದ ಕೇಬಲ್ ಆಪರೇಟರ್ ಒಂದು ತಿಂಗಳ ಪರೀಕ್ಷೆಗೆ ನಮ್ಮ ಚಾನೆಲ್ ಹಾಕಿಕೊಂಡರು. ಹೊಸ ಊರಿಗೆ ಹೊಸ ಮುಖವಿರಲೆಂದು ಹನ್ನೊಂದು ದಿನ ಕೂತು ಚಿನ್ನದ ಬಣ್ಣದ, ಗರಗರ ತಿರುಗುವ ಗೋಲ ಮಾಡಿದೆ. ಸತೀಶಣ್ಣ ಕಚೇರಿಗೆಲ್ಲ ಜಿಲೇಬಿ ಹಂಚಿದರು.

ಚಿತ್ರ ಸರಿಯಿಲ್ಲವೆಂದು ಅಲ್ಲಿಂದ ಮೊದಲ ವಾರ ಆರು ದೂರು, ಎರಡನೆಯ ವಾರ ಇಪ್ಪತ್ತಮೂರು. ನಮ್ಮ ಲೈನ್‌ಮ್ಯಾನ್ ಮಂಜಣ್ಣ ಹೋಗಿ ಸರಿಮಾಡಿ ಬಂದ ಮನೆಯಿಂದಲೇ ಮತ್ತೆ ಫೋನ್. ಮೂರನೆಯ ಬುಧವಾರ ಆಪರೇಟರ್ ಹೇಳಿಬಿಟ್ಟರು: "ಶನಿವಾರದೊಳಗೆ ಚಿತ್ರ ಸರಿಯಾಗ್ಲಿಲ್ಲ ಅಂದ್ರೆ ನಿಮ್ಮ ಚಾನೆಲ್ ತೆಗೀತೇನೆ."

ಗುರುವಾರ ಬೆಳಿಗ್ಗೆ ಮಂಜಣ್ಣನ ಜೊತೆ ನಾನೂ ಬಸ್ಸು ಹತ್ತಿದೆ. ಲೈನಿನ ಕೊನೆಯ ಮನೆ ಗಿರಿಜಮ್ಮನವರದು. ಅವರು ಟಿವಿಯ ಮುಂದೆ, ಮಂಜಣ್ಣ ಹೊರಗೆ ಕಂಬದ ಮೇಲೆ.

"ಅಮ್ಮಾ, ಮೂಲೇಲಿ ಎಂತ ಕಾಣ್ತದೆ?"

"ಲಾಡು ತಿರುಗ್ತಾ ಇದೆ!"

"ಒಂದೋ ಎರಡೋ?"

"ನಿಂತ್ರೆ ಅಲ್ವನಾ ಎಣಿಸೋದು!"

ಮಂಜಣ್ಣ ಕೆಳಗಿಳಿದು ನನ್ನನ್ನೇ ನೋಡಿದ. "ಕಡ್ಡಿ ಇದ್ದಾಗ ಒಂದು ಅಂದ್ರೆ ಸರಿ, ಎರಡು ಅಂದ್ರೆ ಘೋಸ್ಟ್. ಕೆಂಪು ಕಾಣ್ಲಿಲ್ಲ ಅಂದ್ರೆ ಸಿಗ್ನಲ್ ಸಾಲ್ದು. ಈಗ ನಿನ್ನ ಲಾಡು ಇಟ್ಕೊಂಡು ಎಂತ ಕೇಳ್ಲಿ ಮಾರಾಯ?"

ಘೋಸ್ಟ್ ಎಂದರೆ ಒಂದು ಚಿತ್ರದ ಪಕ್ಕದಲ್ಲೇ ಅದರ ಮಸುಕು ನೆರಳು ಬೀಳುವುದು. ಕಂಬದ ಮೇಲಿರುವವನಿಗೆ ಅದು ಕಾಣದು; ಮನೆಯವರ ಬಾಯೇ ಅವನ ಮೀಟರ್. ಎರಡು ವರ್ಷ ನಾನು ದೂರುಗಳನ್ನು ಎಣಿಸಿದ್ದೆ, ಅವು ಹೇಗೆ ಬಗೆಹರಿಯುತ್ತವೆಂದು ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು ನಲವತ್ತು ನಿಮಿಷದಲ್ಲಿ ಹೊಸ ಲೋಗೋ ಮಾಡಿದೆ: ಒಂದರ ಕೆಳಗೊಂದು ಮೂರು ಚುಕ್ಕಿ, ಕೆಂಪು, ಹಸಿರು, ಹಳದಿ. ಮೂರು ಊರಿಗೆ ಮೂರು, ಒಂದೂ ಅಲುಗಾಡುವುದಿಲ್ಲ. ಸತೀಶಣ್ಣ ಮುಖ ಸಣ್ಣ ಮಾಡಿಕೊಂಡು, "ಜಿಲೇಬಿ ದಂಡ ಆಯ್ತಲ್ಲ" ಎಂದರು.

ಶುಕ್ರವಾರ ಮತ್ತೆ ಅದೇ ಕಂಬ. ಈ ಸಲ ಆಪರೇಟರೂ ಬುಡದಲ್ಲಿ ಕೈಕಟ್ಟಿ ನಿಂತಿದ್ದರು.

"ಎಷ್ಟು ಅಮ್ಮಾ?"

"ಆರು!"

ಮಂಜಣ್ಣ ಒಂದು ಜೋಡಣೆ ಬಿಚ್ಚಿ ಹೊಸದು ಹಾಕಿದ.

"ಈಗ?"

"ಆರೇ... ಇರು, ಇರು. ಮೂರು! ಮೂರೇ! ಬಣ್ಣಾನೂ ಬಂತು!"

ಆಪರೇಟರ್ ನಕ್ಕುಬಿಟ್ಟರು. "ಇರ್ಲಿ ಬಿಡಿ ನಿಮ್ಮ ಚಾನೆಲ್."

ಆ ತಿಂಗಳ ಕೊನೆಯ ವಾರ ದೂರು ಎರಡು. ಅದರಲ್ಲೊಂದು ಕರೆಂಟ್ ಹೋದದ್ದಕ್ಕೆ. 2009ರಲ್ಲಿ ನಾನು ಕೆಲಸ ಬಿಡುವವರೆಗೆ ಚುಕ್ಕಿಗಳ ಕೆಳಗಿನ ಚಾನೆಲ್ ಹೆಸರಿನ ಅಕ್ಷರ ಎರಡು ಸಲ ಬದಲಾಯಿತು, ಚುಕ್ಕಿಗಳು ಬದಲಾಗಲಿಲ್ಲ.

ಏನನ್ನೇ ಮಾಡುವ ಮೊದಲು, ಅದನ್ನು ನೋಡಿ ಕೆಲಸ ಮಾಡುವವರ ಜೊತೆ ಒಂದು ದಿನ ಹೋಗಿಬರಬೇಕೆಂದು ಆ ಕಂಬದ ಬುಡದಲ್ಲಿ ಕಲಿತೆ. ಅಂದು ಹೊರಡುವಾಗ ಗಿರಿಜಮ್ಮ, "ಮೇಲಿನ ಚುಕ್ಕಿ ನಮ್ಮೂರೇ ಅಲ್ವನಾ?" ಎಂದು ಕೇಳಿದ್ದರು. ಹೌದೆಂದೆ. ಮುಂದೆ ಕೊಪ್ಪದಲ್ಲೂ ಶೃಂಗೇರಿಯಲ್ಲೂ ಕೇಳಿದವರಿಗೆಲ್ಲ ಮೇಲಿನದು ನಿಮ್ಮೂರೇ ಎಂದೇ ಹೇಳಿದೆ.