ಹೊಸ್ತಿಲ ಮೇಲಿನ ಸೀನು

ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಚ್ಚಿಕೊಂಡು, ಬೀಗ ಹಿಡಿದು ಊಟಿಯ ಬಾಡಿಗೆ ಮನೆಯಿಂದ ಇವತ್ತು ಹೊರಟವನು ಹೊಸ್ತಿಲಲ್ಲೇ ಸೀನಿದೆ. ಒಂದೇ ಸೀನು. ನೀವಾಗಿದ್ದರೆ ಮೂಗೊರೆಸಿಕೊಂಡು ಹೋಗುತ್ತಿದ್ದಿರಿ. ನಾನು ಊಟಿ ಹತ್ತಿರದ ಎಮರಾಲ್ಡ್ ಎಂಬ ಊರಿನ ಸೋದರತ್ತೆಯ ಮನೆಯಲ್ಲಿ ಬೆಳೆದವನು. ಕಾಲು ತಾನಾಗಿಯೇ ಒಳಕ್ಕೆ ಬಂತು.

ಆ ಮನೆಯಲ್ಲಿ ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ವಾಪಸು ಬಂದು ಕೂತು, ನೀರು ಕುಡಿದು ಹೊರಡಬೇಕು. ಕಷ್ಟವೇನೂ ಇರಲಿಲ್ಲ, ಮನೆಯ ಯಜಮಾನ ನಮ್ಮ ಮಾವ ಆಗಿರದಿದ್ದರೆ. ಮಾವನ ಮೂಗು ಮಂಜಿಗೆ ಸೀನುತ್ತಿತ್ತು, ಬಿಸಿಲಿಗೆ ಸೀನುತ್ತಿತ್ತು, ಕ್ಯಾರೆಟ್ ಮೂಟೆಯ ಧೂಳಿಗೂ ಅತ್ತೆಯ ರೇಷ್ಮೆ ಸೀರೆಗೂ ಭೇದವಿಲ್ಲದೆ ಸೀನುತ್ತಿತ್ತು. ವಾಸನೆ ಮಾತ್ರ ತಿಳಿಯುತ್ತಿರಲಿಲ್ಲ. ಸೈನಸ್ ಕಟ್ಟಿ ವರ್ಷಗಳಾಗಿದ್ದವು. ಒಂದು ಕಾಲದಲ್ಲಿ ಸಾರಿನ ಘಮಕ್ಕೆ ಹೊಲದಿಂದ ಎದ್ದು ಬರುತ್ತಿದ್ದ ಮನುಷ್ಯ, ಏನು ಬಡಿಸಿದರೂ ಮಾತಾಡದೆ ಉಣ್ಣುತ್ತಿದ್ದ. ಅತ್ತೆಗೆ ಅದೇ ಕೊರಗು.

ಇಂಥ ಮೂಗುಗಳ ಮೇಲೆ ಊಟಿಯಲ್ಲಿ ಸಂಶೋಧನೆ ನಡೆಯುತ್ತಿದೆ ಎಂದು ತಿಳಿದಾಗ ಮಾವನಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಆದರೆ ಹೋಗುವುದು ಹೇಗೆ? ಹೊರಟಾಗಲೆಲ್ಲ ಮಾವ ಸೀನುವುದು, ಅತ್ತೆ ಕೂರಿಸುವುದು, ಬಸ್ಸು ಹೋಗಿಬಿಡುವುದು.

“ಇದು ಶಕುನದ ಸೀನಲ್ಲ ಕಣೇ, ಕಾಯಿಲೆ ಸೀನು,” ಎಂದು ಮಾವ ಒಮ್ಮೆ ವಾದ ಹೂಡಿದ.

“ಯಾವ ಸೀನು ಅಂತ ಅದ್ರ ಮೇಲೆ ಬರ್ದಿರುತ್ತಾ? ಕೂತ್ಕೊಳ್ಳಿ.”

ಕೊನೆಗೆ ನಾನು ಫೋನಿನಲ್ಲಿ ಗೋಗರೆದ ಮೇಲೆ ಸಂಶೋಧನೆಯ ಡಾಕ್ಟರಮ್ಮನೇ ಜೀಪಿನಲ್ಲಿ ಬಂದರು. ಸಣ್ಣ ನಳಿಕೆಯಿಂದ ಮಾವನ ಮೂಗಿಗೆ ತಣ್ಣನೆಯ ಗಾಳಿ ಬಿಟ್ಟರು. ಮಾವ ಸೀನಿದ ರಭಸಕ್ಕೆ ಬೆಕ್ಕು ಅಟ್ಟ ಹತ್ತಿತು. ಮೂಗಿನ ನರಗಳು ಸಣ್ಣಪುಟ್ಟದ್ದಕ್ಕೂ ಕೆರಳುತ್ತಿವೆ ಎಂದು ವಿವರಿಸಿ, ಮೂಗಿಗೆ ಹೊಡೆದುಕೊಳ್ಳುವ ಔಷಧಿ ಕೊಟ್ಟು ಅವರು ಎದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಘಾಟು. ಹೊಸ್ತಿಲಲ್ಲಿ ಡಾಕ್ಟರಮ್ಮ ಸೀನಿದರು. ಮೆಣಸಿನಕಾಯಿಯ ಹೊಗೆಗೆ ಬಂದದ್ದು ಎಂದು ಅವರು ಎಷ್ಟು ಹೇಳಿದರೂ ಅತ್ತೆ ನೀರಿನ ಚೆಂಬು ಹಿಡಿದು ಅಡ್ಡ ನಿಂತಳು. ಕೂತರು. ಮತ್ತೆ ಎದ್ದಾಗ ಡ್ರೈವರ್ ಸೀನಿದ. ಇಬ್ಬರೂ ಊಟ ಮುಗಿಸಿಯೇ ಹೋದದ್ದು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದ ಮಾವ ತಲೆಯೆತ್ತಿ ಮೂಗರಳಿಸಿದ. “ಲೇ, ಸಾರು ಸೀದೋಯ್ತಲ್ಲೇ.”

ಅತ್ತೆ ಒಲೆಯ ಕಡೆ ಓಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಹೇಳಿ,” ಅಂದಳು. ಸಾರು ಪೂರ್ತಿ ಕರಕಲಾಯಿತು.

ಇವತ್ತು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಅಡುಗೆಮನೆಯಿಂದ ಅದೇ ಸೀದ ವಾಸನೆ ಬಂತು. ಗ್ಯಾಸಿನ ಮೇಲೆ ಹಾಲಿಟ್ಟು ಮರೆತೇಬಿಟ್ಟಿದ್ದೆ. ಓಡಿ ಹೋಗಿ ಒಲೆ ಆರಿಸಿದೆ. ಅತ್ತೆಯೂ ಇಲ್ಲ, ಮಾವನೂ ಇಲ್ಲ ಈಗ.

“ಹಾಲು ಸೀದೋಯ್ತು ಅತ್ತೆ,” ಎಂದು ಗಟ್ಟಿಯಾಗಿಯೇ ಹೇಳಿದೆ. ಯಾರೂ ಕೇಳದಿದ್ದರೂ ಇನ್ನೊಂದು ಸಲ ಹೇಳಿದೆ.