ಮೌನೇಶ ಮುರಿದಿಟ್ಟ ತುಂಡುಗಳು

ಹೊನ್ನಾಳಿಯ ಬಡಗಿ ಮೌನೇಶ ಹನ್ನೊಂದು ವರ್ಷದಿಂದ ತನ್ನ ಶೆಡ್ಡಿನಲ್ಲಿ ಎರಡು ಸೀಟಿನ ಮರದ ವಿಮಾನ ಕಟ್ಟುತ್ತಿದ್ದ. ಪ್ರತಿ ಜೋಡಣೆಗೂ ಅದೇ ಮರ, ಅದೇ ಅಂಟಿನ ಒಂದು ಮಾದರಿ ತುಂಡು ಮಾಡಿ, ಒಣಗಿದ ಮೇಲೆ ಮುರಿದು ನೋಡುತ್ತಿದ್ದ. "ಮರ ಮುರೀಬೇಕು ಕಣಲೇ, ಅಂಟು ಬಿಡಬಾರದು" ಎಂದು ಗೆಳೆಯನಾದ ನನಗೆ ಹೇಳುವನು. ಒಮ್ಮೆ ಅಂಟು ಬಿಟ್ಟಿತೆಂದು ಇಡೀ ರೆಕ್ಕೆಯನ್ನೇ ಬಿಚ್ಚಿದ. "ಆಚಾರ್ರೇ, ಇದು ಹಾರೋದು ಯಾವಾಗ?" ಎಂದು ಕಿಟಕಿ ಮಾಡಿಸಲು ಬಂದವರು ಕೆಣಕಿದರೆ, "ಹಾರೋದೇನ್ರೀ, ಧೂಳೂ ಹಾರ್ತೈತೆ. ನಾನು ಸುಖವಾಗಿ ಇಳಿಯಾಕೆ ಕಟ್ತಿದೀನಿ" ಎನ್ನುತ್ತಿದ್ದ. ಹೋದ ತಿಂಗಳು ಎದೆನೋವಿನಿಂದ ತೀರಿಕೊಂಡ. ವಿಮಾನ ನೆಲ ಬಿಡಲೇ ಇಲ್ಲ. ಶೆಡ್ಡಿನಲ್ಲಿ ಅವನ ಸೀಟಿನ ಜೋಡಣೆಗೆಂದು ಮುರಿದು ನೋಡಿದ ಮಾದರಿ ತುಂಡುಗಳು ಮೂರು ಸಿಕ್ಕವು. ಪಕ್ಕದ ಸೀಟಿನವು ಇಪ್ಪತ್ತಾರು, ಎಲ್ಲದರ ಮೇಲೂ ಪೆನ್ಸಿಲಿನಲ್ಲಿ ನನ್ನ ಹೆಸರು, ತಾರೀಕು. ಭಯವಾಗುತ್ತದೆ, ನಾನು ಹತ್ತುವುದಿಲ್ಲ ಎಂದು ಯುಗಾದಿಯಲ್ಲೇ ಹೇಳಿಬಿಟ್ಟಿದ್ದೆ. ಕೊನೆಯ ತುಂಡಿನ ಮೇಲಿದ್ದದ್ದು ಆಮೇಲೆ ಬಂದ ದೀಪಾವಳಿಯ ತಾರೀಕು.